ನ್ಯಾಯಾಸನಕ್ಕೆ ಯಾರನ್ನು ಕರೆಯಬೇಕು?

ನಮ್ಮ ಚಿಕ್ಕೋಡಿ, ಅಥಣಿ, ರಾಯಬಾಗಗಳ ಕಡೆಯ ರೈತನು ವಕೀಲನನ್ನು ಗೊತ್ತುಮಾಡುವಾಗ ತೋರುವಷ್ಟು ಜಾಗರೂಕತೆಯನ್ನು ಎತ್ತಿನ ಜೋಡಿ ಕೊಳ್ಳುವಾಗಲೂ ತೋರಲಾರನು. ಯಾರು ಚೆನ್ನಾಗಿ ವಾದಿಸುತ್ತಾರೆ, ಯಾರು ತಾರೀಖಿಗೆ ತಪ್ಪದೆ ನಿಲ್ಲುತ್ತಾರೆ, ಯಾರು ಎದುರುಗಾರನಿಗೆ ಬೀಗರಾಗಬೇಕು—ಇವನ್ನೆಲ್ಲ ನಾಲ್ಕು ಜನರನ್ನು ಕೇಳಿ, ತೂಗಿ ನೋಡಿ, ಆಮೇಲೆ ವಕಾಲತ್ತಿನ ಕಾಗದಕ್ಕೆ ಸಹಿ ಹಾಕುವನು. ಆದರೆ ಅವನ ಹೊಲದ ಗತಿಯನ್ನು ನಿರ್ಣಯಿಸುವವರು ವಕೀಲರಲ್ಲ, ಪೀಠದ ಮೇಲೆ ಕುಳಿತ ಸಾಹೇಬರು. ಆ ಸಾಹೇಬರನ್ನು ಅಲ್ಲಿ ತಂದು ಕೂಡ್ರಿಸಿದವರಾರು, ಯಾವ ತಕ್ಕಡಿಯಲ್ಲಿ ತೂಗಿ ಅವರನ್ನು ಆರಿಸಿದರು ಎಂಬುದನ್ನು ಅವನು ಕೇಳುವುದಿಲ್ಲ. ಮಳೆ ಬಂದಂತೆ ಸಾಹೇಬರೂ ಬರುತ್ತಾರೆ, ಬದಲಿಯಾಯಿತೆಂದರೆ ಹೋಗುತ್ತಾರೆ. ಅವನು ಕೇಳದಿದ್ದರೆ ಆಶ್ಚರ್ಯವಿಲ್ಲ. ಓದಿದವರೆನಿಸಿಕೊಂಡ ನಾವೂ ಕೇಳಿದ್ದು ಕಡಿಮೆ. ನಾನು ಕನ್ನಡ ಕಲಿಸುವವನು, ಕಾಯಿದೆಯ ಪದವಿ ಪಡೆದವನಲ್ಲ. ಆದರೂ ಈ ಪ್ರಶ್ನೆ ಕೆಲವು ವರ್ಷಗಳಿಂದ ನನ್ನ ಬೆನ್ನು ಹತ್ತಿದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು.

ಒಂದು ಕಾಲದಲ್ಲಿ ಈ ಪ್ರಾಂತದಲ್ಲಿ ವಾದಿ-ಪ್ರತಿವಾದಿಗಳೇ ತಮ್ಮ ನ್ಯಾಯ ಹೇಳುವವರನ್ನು ಒಪ್ಪಿಕೊಳ್ಳುತ್ತಿದ್ದರು. ಪೇಶವೆಯವರ ಆಳಿಕೆ ೧೮೧೮ರಲ್ಲಿ ಮುಗಿದ ಮೇಲೆ ದಖ್ಖಣದ ಆಡಳಿತವನ್ನು ವಹಿಸಿಕೊಂಡ ಎಲ್ಫಿನ್‌ಸ್ಟನ್ ಸಾಹೇಬನು ತನ್ನ ವರದಿಯಲ್ಲಿ ಇಲ್ಲಿಯ ಪಂಚಾಯತಿಗಳ ರೀತಿಯನ್ನು ವಿವರವಾಗಿ ಬರೆದಿದ್ದಾನೆ. ಪಂಚರು ಕೂಡುವ ಮೊದಲು ಎರಡೂ ಪಕ್ಷದವರು, 'ಇವರು ಹೇಳಿದ ನ್ಯಾಯಕ್ಕೆ ನಾವು ಬದ್ಧರು' ಎಂದು ಬರೆದುಕೊಡುವ ವಾಡಿಕೆಯಿತ್ತು. ಆ ಕಾಗದಕ್ಕೆ 'ರಾಜಿನಾಮೆ' ಎಂದು ಹೆಸರು. ಶಬ್ದಗಳ ಬಾಳಿನಲ್ಲಿಯೂ ಏರಿಳಿತಗಳುಂಟು! ಅಂದು ನ್ಯಾಯಾಧೀಶನನ್ನು ಒಪ್ಪಿಕೊಳ್ಳುವ ಪತ್ರವಾಗಿದ್ದ ರಾಜಿನಾಮೆ ಇಂದು ಹುದ್ದೆಯನ್ನು ಬಿಟ್ಟುಹೋಗುವ ಪತ್ರವಾಗಿದೆ. ಹಾಗೆಂದು ಆ ಕಾಲವೆಲ್ಲ ಹೊನ್ನಿನದಾಗಿತ್ತೆಂದು ಭ್ರಮಿಸಬೇಕಾದುದಿಲ್ಲ. ಪಂಚರನ್ನು ಕೂಡಿಸುವುದೇ ದುಸ್ತರವಾಗುತ್ತಿತ್ತು. ಕೂಡಿದರೂ ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಲಂಚದ ಮಾತೂ ಇದ್ದೇ ಇತ್ತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಎದುರಾಗುತ್ತಾನೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ ಈ ಪಂಡಿತನ ಮಾತು ಬಂಗಾಲವೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಕುಟುಂಬಗಳ ಆಸ್ತಿಯನ್ನು ಶತಮಾನಗಳ ವರೆಗೆ ಹಂಚಿತು. ಆಸ್ತಿಯ ವಿಷಯದಲ್ಲಿ ಅವನನ್ನು ನೆನೆಯುವವರು ಬಹಳ. ನ್ಯಾಯಾಧೀಶರ ಆಯ್ಕೆಯ ವಿಷಯದಲ್ಲಿ ನೆನೆಯುವವರು ವಿರಳ. ವ್ಯವಹಾರಾಧ್ಯಾಯದ ಆರಂಭದಲ್ಲಿಯೇ ಈ ಮಾತು ಬರುತ್ತದೆ. ಸಭ್ಯರೆಂದರೆ ನ್ಯಾಯಸಭೆಯ ಸದಸ್ಯರು. ಅವರು ಓದಿದವರಾಗಿರಬೇಕು, ಧರ್ಮ ಬಲ್ಲವರಾಗಿರಬೇಕು, ಸತ್ಯವಾದಿಗಳಾಗಿರಬೇಕು, ಶತ್ರು-ಮಿತ್ರರಲ್ಲಿ ಸಮಾನರಾಗಿರಬೇಕು. ಇಷ್ಟನ್ನು ಯಾರಾದರೂ ಹೇಳಿಯಾರು. ವಿಶೇಷವಿರುವುದು ಮುಂದೆ. ಇಂಥವರನ್ನು ಅರಸನು ದಾನ-ಮಾನಗಳಿಂದ ಗೌರವಿಸಿ ಇಟ್ಟುಕೊಳ್ಳಬೇಕು. ಸಭೆಯಲ್ಲಿ ಕೆಲವರು ವರ್ತಕರೂ ಇರಬೇಕು. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ತಪ್ಪು ನ್ಯಾಯ ಹೇಳಿದ ಸಭ್ಯರಲ್ಲಿ ಪ್ರತಿಯೊಬ್ಬನಿಗೂ ಪ್ರತ್ಯೇಕವಾಗಿ ದಂಡ ಹಾಕಬೇಕು! ವರ್ತಕರ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಶಾಸ್ತ್ರ ಬಲ್ಲವರ ನಡುವೆ ಲೋಕ ಬಲ್ಲವನೊಬ್ಬನು ಕುಳಿತಿರಲೆಂಬ ಈ ಆಶಯ ಎಂಟು-ಒಂಬತ್ತು ಶತಮಾನಗಳ ತರುವಾಯ ದಿಲ್ಲಿಯಲ್ಲಿ ದೊಡ್ಡದೊಂದು ವ್ಯಾಜ್ಯಕ್ಕೆ ಕಾರಣವಾಯಿತು.

ಇಂಗ್ಲಿಷರು ಬಂದ ಮೇಲೆ ನಮ್ಮ ಭಾಗದ ನ್ಯಾಯ ಒಂದೇ ಊರಿನಿಂದ ಬರಲಿಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯವು. ಅಲ್ಲಿಯ ತೀರ್ಪಿನ ಮೇಲಿನ ಅಪೀಲು ಕೊನೆಗೆ ಮುಂಬಯಿಯ ಹಾಯ್‌ಕೋರ್ಟನ್ನು ಮುಟ್ಟುತ್ತಿತ್ತು. ರಾಯಬಾಗವಾದರೋ ಕೊಲ್ಹಾಪುರದ ಛತ್ರಪತಿಗಳದು. ೧೯೪೯ರಲ್ಲಿ ಆ ಸಂಸ್ಥಾನವು ವಿಲೀನವಾಗುವ ವರೆಗೆ ಅಲ್ಲಿಯ ನ್ಯಾಯಾಧೀಶರನ್ನು ನೇಮಿಸುವವರು ದರಬಾರದವರು. ಮುಂಬಯಿಯ ಪೀಠಕ್ಕೆ ೧೮೬೧ರ ಕಾಯಿದೆಯ ಪ್ರಕಾರ ಮೂರರಲ್ಲಿ ಒಂದು ಪಾಲು ಬ್ಯಾರಿಸ್ಟರರು, ಇನ್ನೊಂದು ಪಾಲು ಸಿವ್ಹಿಲ್ ಸರ್ವಿಸಿನವರು ಇರಲೇಬೇಕಾಗಿತ್ತು. ಉಳಿದ ಇಕ್ಕಟ್ಟಿನಲ್ಲಿ ನಮ್ಮವರು ನುಸುಳಬೇಕು. ನಿಪ್ಪಾಣಿಯ ನೆರೆಯ ಕೊಲ್ಹಾಪುರದಲ್ಲಿ ಬಾಲ್ಯವನ್ನು ಕಳೆದ ಮಹಾದೇವ ಗೋವಿಂದ ರಾನಡೆಯವರಂಥ ಮೇಧಾವಿಗೆ ಆ ಪೀಠ ದೊರೆತುದು ೧೮೯೩ರಲ್ಲಿ, ತೆಲಂಗರು ತೀರಿಕೊಂಡು ಸ್ಥಾನ ತೆರವಾದ ಮೇಲೆ. ೧೯೫೬ರ ನವೆಂಬರ ೧ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು. ಅಂದಿನಿಂದ ನಮ್ಮ ಅಪೀಲುಗಳು ಬೆಂಗಳೂರಿಗೆ ಹೊರಟವು. ೨೦೦೮ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಬಂದಿತು. ೨೦೧೩ರಲ್ಲಿ ಅದು ಕಾಯಂ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂವಿಧಾನ ಸಭೆಯಲ್ಲಿ ೧೯೪೯ರ ಮೇ ೨೪ರಂದು ಈ ಪ್ರಶ್ನೆ ಚರ್ಚೆಗೆ ಬಂದಿತು. ಉತ್ತರ ಕೊಟ್ಟವರು ಡಾ. ಅಂಬೇಡಕರರು. ಇವರು ೧೯೨೫ರಲ್ಲಿ ನಮ್ಮ ನಿಪ್ಪಾಣಿಗೇ ಬಂದು ಅಸ್ಪೃಶ್ಯ ವರ್ಗದವರ ಪರಿಷತ್ತಿನಲ್ಲಿ ಮಾತನಾಡಿದವರು. ನೇಮಕವನ್ನು ಸರಕಾರದ ಕೈಯಲ್ಲಿ ಪೂರ್ತಿ ಬಿಡುವುದು ಅಪಾಯಕರವೆಂದು ಅವರು ಒಪ್ಪಿದರು. ಅಮೇರಿಕದಂತೆ ಶಾಸನಸಭೆಯ ಒಪ್ಪಿಗೆಗೆ ಒಳಪಡಿಸಿದರೆ ರಾಜಕಾರಣದ ಸೋಂಕು ತಗಲುವುದೆಂದರು. ಹಾಗಾದರೆ ಮುಖ್ಯ ನ್ಯಾಯಾಧೀಶರ ಸಮ್ಮತಿ ಕಡ್ಡಾಯವಿರಲಿ ಎಂಬ ಸೂಚನೆಗೆ ಅವರು ಕೊಟ್ಟ ಉತ್ತರ ಸೊಗಸಾದುದು. ಮುಖ್ಯ ನ್ಯಾಯಾಧೀಶರು ಎಷ್ಟೇ ದೊಡ್ಡವರಾದರೂ ನಮ್ಮಂತೆಯೇ ದೌರ್ಬಲ್ಯ, ಭಾವನೆ, ಪೂರ್ವಗ್ರಹಗಳುಳ್ಳ ಮನುಷ್ಯರು. ರಾಷ್ಟ್ರಪತಿಗಳಿಗೇ ಕೊಡಲೊಲ್ಲದ ಅಧಿಕಾರವನ್ನು ಅವರೊಬ್ಬರಿಗೆ ಹೇಗೆ ಕೊಡುವುದು ಎಂದು ಅವರು ಕೇಳಿದರು. ಆದುದರಿಂದ ನಡುವಿನ ದಾರಿ: ನೇಮಕ ರಾಷ್ಟ್ರಪತಿಗಳದು, ಆದರೆ ನ್ಯಾಯಾಧೀಶರೊಡನೆ 'ಸಮಾಲೋಚನೆ' ನಡೆಸಿ. ಮುಂದಿನ ಅರ್ಧ ಶತಮಾನದ ವ್ಯಾಜ್ಯವೆಲ್ಲ ಈ ಒಂದು ಶಬ್ದದ ಅರ್ಥದ ಮೇಲೆ ನಡೆಯಿತು. ಶಬ್ದಾರ್ಥದಲ್ಲಿ ಜೀವ ಸವೆಸುವ ನನ್ನಂಥವನಿಗೆ ಇದು ಹೆಮ್ಮೆಯ ವಿಷಯವೇ ಸರಿ.

ಈ ನಡುವಿನ ದಾರಿ ಎಲ್ಲಿ ಕುಸಿಯಿತೆಂಬುದಕ್ಕೆ ಕನ್ನಡ ನಾಡಿನ ಒಬ್ಬರ ಬಾಳೇ ಸಾಕ್ಷಿ. ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆಯವರು ೧೯೫೨ರಿಂದ ರಾಜ್ಯಸಭೆಯಲ್ಲಿದ್ದವರು. ೧೯೫೭ರಲ್ಲಿ ಅಲ್ಲಿಂದ ನೇರವಾಗಿ ಮೈಸೂರು ಹಾಯ್‌ಕೋರ್ಟಿನ ಪೀಠಕ್ಕೆ ಬಂದರು. ಇಂದಾದರೆ ಪಕ್ಷದ ಮನುಷ್ಯನೆಂದು ಎಷ್ಟು ಹುಯ್ಯಲು! ಮುಂದೆ ಸುಪ್ರೀಮ್ ಕೋರ್ಟಿಗೆ ಹೋದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ ೧೯೭೩ರ ಏಪ್ರಿಲ್ ೨೪ರಂದು ಸರಕಾರಕ್ಕೆ ಹಿತವಾಗದ ಬಹುಮತದ ತೀರ್ಪಿಗೆ ಸೇರಿದವರಲ್ಲಿ ಅವರೂ ಒಬ್ಬರು. ಮರುದಿನವೇ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರಿಗೆ ಮುಖ್ಯ ನ್ಯಾಯಾಧೀಶರ ಪದವಿ ಹೋಯಿತು. ಮೂವರೂ ರಾಜಿನಾಮೆಯಿತ್ತರು. ಎಲ್ಲಿಂದ ಬಂದನೆಂಬುದು ನ್ಯಾಯಾಧೀಶನ ಗುಣವನ್ನು ಹೇಳುವುದಿಲ್ಲವೆಂಬುದಕ್ಕೆ ಹೆಗ್ಡೆಯವರಿಗಿಂತ ಉತ್ತಮ ನಿದರ್ಶನ ನನಗೆ ತಿಳಿಯದು. ಆರಿಸುವವರ ಕೈಗೆ ಕಡಿವಾಣವಿರದಿದ್ದರೆ ಏನಾಗುವುದೆಂಬುದಕ್ಕೂ ಅವರೇ ನಿದರ್ಶನ.

ಆ ಗಾಯ ಮಾಯಲಿಲ್ಲ. 'ಸಮಾಲೋಚನೆ ಎಂದರೆ ಸಮ್ಮತಿಯಲ್ಲ' ಎಂದು ೧೯೮೧ರಲ್ಲಿ ಏಳು ನ್ಯಾಯಾಧೀಶರ ಪೀಠ ಹೇಳಿತು. ಕರ್ನಾಟಕದವರೇ ಆದ ಎಂ. ಎನ್. ವೆಂಕಟಾಚಲಯ್ಯನವರು ಮುಖ್ಯ ನ್ಯಾಯಾಧೀಶರಾಗಿದ್ದ ೧೯೯೩ರಲ್ಲಿ ಒಂಬತ್ತು ಜನರ ಪೀಠ ಅದನ್ನು ತಿರುವಿಹಾಕಿತು. ಹಿರಿಯ ನ್ಯಾಯಾಧೀಶರ ಅಭಿಪ್ರಾಯವೇ ಮೇಲು ಎಂದಿತು. ೧೯೯೮ರಲ್ಲಿ ಆ ಹಿರಿಯರ ಮಂಡಲಕ್ಕೆ, ಅಂದರೆ ಕೊಲಿಜಿಯಮ್ಮಿಗೆ, ಇಂದಿನ ರೂಪ ಬಂದಿತು. ಹಾಯ್‌ಕೋರ್ಟಿಗೆ ಬೇಕಾದವರ ಹೆಸರನ್ನು ಅಲ್ಲಿಯ ಮುಖ್ಯ ನ್ಯಾಯಾಧೀಶರೂ ಇಬ್ಬರು ಹಿರಿಯರೂ ಸೇರಿ ಕಳಿಸುತ್ತಾರೆ. ರಾಜ್ಯ ಸರಕಾರದ ಮತ್ತು ರಾಜ್ಯಪಾಲರ ಅಭಿಪ್ರಾಯ ಕೂಡಿಕೊಳ್ಳುತ್ತದೆ. ಗುಪ್ತಚಾರ ಇಲಾಖೆಯ ವರದಿ ಬರುತ್ತದೆ. ದಿಲ್ಲಿಯ ಮೂವರು ತೂಗಿ ನೋಡುತ್ತಾರೆ. ಸರಕಾರವು ಒಮ್ಮೆ ಹಿಂದಕ್ಕೆ ಕಳಿಸಬಹುದು. ಮತ್ತೆ ಅದೇ ಹೆಸರು ಬಂದರೆ ನೇಮಿಸಬೇಕು. ನೇಮಿಸಬೇಕು, ನಿಜ, ಎಂದು? ಅಲ್ಲಿಯೇ ಇದೆ ಕೀಲು.

ಈ ಕೀಲು ತಿರುಗದೆ ನಿಂತ ಪ್ರಸಂಗವೊಂದು ನಮ್ಮ ಜಿಲ್ಲೆಗೇ ಸಂಬಂಧಿಸಿದುದು. ಬೆಳಗಾವಿಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ಟರ ಹೆಸರನ್ನು ೨೦೧೬ರಲ್ಲಿ ಕರ್ನಾಟಕ ಹಾಯ್‌ಕೋರ್ಟಿಗೆಂದು ಶಿಫಾರಸು ಮಾಡಲಾಯಿತು. ಅವರ ಮೇಲೊಂದು ದೂರು ಬಂದಿತು. ಅಂದಿನ ಮುಖ್ಯ ನ್ಯಾಯಾಧೀಶರು ವಿಚಾರಿಸಿದಾಗ ಅದರಲ್ಲಿ ಹುರುಳಿಲ್ಲವೆಂದು ಕಂಡುಬಂದಿತು. ದಿಲ್ಲಿಯ ಹಿರಿಯರು ಅದೇ ಹೆಸರನ್ನು ಮತ್ತೆ ಕಳಿಸಿದರು. ಜೊತೆಗಿದ್ದ ಬೇರೆ ಹೆಸರುಗಳಿಗೆ ಅಪ್ಪಣೆಯಾಯಿತು, ಇವರದು ಉಳಿಯಿತು. ಕೇಂದ್ರ ಸರಕಾರವು ದಿಲ್ಲಿಯ ಹಿರಿಯರನ್ನು ಬದಿಗಿಟ್ಟು ನೇರವಾಗಿ ಬೆಂಗಳೂರಿನ ಮುಖ್ಯ ನ್ಯಾಯಾಧೀಶರಿಗೆ ಬರೆಯಿತು. ಮುಗಿದ ವಿಚಾರಣೆ ಮತ್ತೆ ತೆರೆಯುವ ಸಂದರ್ಭ ಬಂದಿತು. ಇದನ್ನು ಕಂಡ ನ್ಯಾಯಮೂರ್ತಿ ಚಲಮೇಶ್ವರರು ೨೦೧೮ರ ಮಾರ್ಚಿಯಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಿಗೆ ಕಟುವಾದ ಪತ್ರವನ್ನು ಬರೆದರು. ಕೃಷ್ಣ ಭಟ್ಟರು ಹಾಯ್‌ಕೋರ್ಟಿನ ಪ್ರಮಾಣವಚನ ಸ್ವೀಕರಿಸಿದ್ದು ೨೦೨೦ರ ಮೇ ತಿಂಗಳಲ್ಲಿ. ನಾಲ್ಕು ವರ್ಷ! ಹಾಯ್‌ಕೋರ್ಟಿನ ನ್ಯಾಯಾಧೀಶರು ಅರವತ್ತೆರಡಕ್ಕೆ ನಿವೃತ್ತರಾಗುತ್ತಾರೆಂಬುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಿಲ್ಲಾ ಪೀಠದಲ್ಲಿ ದುಡಿದು ಮೇಲೇರುವವನಿಗೆ ಮೊದಲೇ ಉಳಿದಿರುವುದು ಕೆಲವೇ ವರ್ಷ. ಮರುಕಳಿಸಿದ ಹೆಸರನ್ನು ಮೂರು-ನಾಲ್ಕು ವಾರಗಳಲ್ಲಿ ನೇಮಿಸಬೇಕೆಂದು ಸುಪ್ರೀಮ್ ಕೋರ್ಟು ೨೦೨೧ರ ಏಪ್ರಿಲಿನಲ್ಲಿ ಹೇಳಿತಾದರೂ, ಅನೇಕ ಹೆಸರುಗಳು ಆ ಮೇಲೂ ಕಪಾಟಿನಲ್ಲಿಯೇ ಉಳಿದವು.

ಹಾಗಾದರೆ ನ್ಯಾಯಾಧೀಶರೂ ಬೇಡ, ಮಂತ್ರಿಗಳೂ ಬೇಡ, ಇಬ್ಬರೂ ಕೂಡಿದ ಆಯೋಗವೊಂದಿರಲಿ ಎಂಬ ವಿಚಾರ ಹಳೆಯದು. ಅದೇ ವೆಂಕಟಾಚಲಯ್ಯನವರು ನಿವೃತ್ತರಾದ ಮೇಲೆ ಸಂವಿಧಾನ ಪುನರ್ವಿಮರ್ಶೆಯ ಆಯೋಗದ ಅಧ್ಯಕ್ಷರಾಗಿ ೨೦೦೨ರಲ್ಲಿ ಇಂಥ ಆಯೋಗವನ್ನು ಸೂಚಿಸಿದರು. ಕಾಯಿದೆಯಾದುದು ೨೦೧೪ರಲ್ಲಿ, ಸಂವಿಧಾನದ ೯೯ನೆಯ ತಿದ್ದುಪಡಿಯಿಂದ. ಆರು ಜನರ ಆಯೋಗ: ಮುಖ್ಯ ನ್ಯಾಯಾಧೀಶರು, ಅವರ ನಂತರದ ಇಬ್ಬರು ಹಿರಿಯರು, ಕಾಯಿದೆಯ ಮಂತ್ರಿಗಳು, ಇಬ್ಬರು 'ಗಣ್ಯ ವ್ಯಕ್ತಿಗಳು'. ಯಾರಾದರಿಬ್ಬರು ಬೇಡವೆಂದರೆ ಹೆಸರು ಬಿದ್ದಂತೆಯೇ. ೨೦೧೫ರ ಅಕ್ಟೋಬರ ೧೬ರಂದು ಸುಪ್ರೀಮ್ ಕೋರ್ಟು ಇದನ್ನು ರದ್ದುಗೊಳಿಸಿತು. ನಾಲ್ವರು ಒಂದು ಕಡೆ. ಚಲಮೇಶ್ವರರೊಬ್ಬರೇ ಇನ್ನೊಂದು ಕಡೆ. ಸರಕಾರವು ಬೆಳಗಾವಿಯ ನ್ಯಾಯಾಧೀಶರ ಹೆಸರನ್ನು ತಡೆದಾಗ ಪತ್ರ ಬರೆದವರೂ ಇವರೇ ಎಂಬುದನ್ನು ಗಮನಿಸಬೇಕು. ಹಿರಿಯರ ಮಂಡಲದ ಗುಟ್ಟನ್ನೂ ಅವರು ಸಹಿಸಲಿಲ್ಲ, ಸರಕಾರದ ಕೈವಾಡವನ್ನೂ ಸಹಿಸಲಿಲ್ಲ.

ನ್ಯಾಯಾಲಯದ ಆಕ್ಷೇಪಣೆಗಳಲ್ಲಿ ಒಂದು, 'ಗಣ್ಯ ವ್ಯಕ್ತಿ' ಎಂದರೆ ಯಾರೆಂದು ಕಾಯಿದೆ ಹೇಳಿಲ್ಲವೆಂಬುದು. ಆಕ್ಷೇಪಣೆ ನ್ಯಾಯವಾದುದೇ. ನಮ್ಮಲ್ಲಿ ಗಣ್ಯರೆಂದರೆ ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಹಾರ ಹಾಕಿಸಿಕೊಳ್ಳುವವರು. ವಿಜ್ಞಾನೇಶ್ವರನು 'ವರ್ತಕರು' ಎಂದು ಸ್ಪಷ್ಟವಾಗಿ ಹೇಳಿದ. ನಮ್ಮವರಿಗೆ ಅಷ್ಟು ಸ್ಪಷ್ಟತೆ ಸಾಧಿಸಲಿಲ್ಲ. ಆದರೆ ಶಬ್ದ ಸಡಿಲವಾಗಿತ್ತೆಂದು ಇಡೀ ಮನೆಯನ್ನೇ ಕೆಡವಬೇಕಾಗಿತ್ತೆ? ಅಮೇರಿಕದ ಮಿಸೂರಿ ಸಂಸ್ಥಾನದಲ್ಲಿ ೧೯೪೦ರಿಂದ ಹಿರಿಯ ನ್ಯಾಯಾಲಯಗಳಿಗೆ ಹೆಸರು ಸೂಚಿಸುವ ಆಯೋಗವಿದೆ. ಒಬ್ಬ ನ್ಯಾಯಾಧೀಶ, ವಕೀಲರೇ ಆರಿಸಿದ ಮೂವರು ವಕೀಲರು, ವಕೀಲರಲ್ಲದ ಮೂವರು ನಾಗರಿಕರು ಕೂಡಿ ಮೂರು ಹೆಸರನ್ನು ಕಳಿಸುತ್ತಾರೆ. ಗವರ್ನರನು ಅವುಗಳಲ್ಲಿಯೇ ಒಬ್ಬರನ್ನು ಆರಿಸಬೇಕು. ಪಕ್ಷದ ಧಣಿಗಳು ಚುನಾವಣೆಯಲ್ಲಿ ತಮ್ಮವರನ್ನು ಪೀಠಕ್ಕೆ ಏರಿಸುತ್ತಿದ್ದುದಕ್ಕೆ ಬೇಸತ್ತು ಅಲ್ಲಿಯ ಜನರೇ ಮತ ಹಾಕಿ ತಂದ ವ್ಯವಸ್ಥೆಯಿದು. ಇಂಗ್ಲಂಡಿನಲ್ಲಿ ೨೦೦೬ರಿಂದ ಇಂಥ ಆಯೋಗದ ಅಧ್ಯಕ್ಷತೆಯನ್ನೇ ನ್ಯಾಯಾಧೀಶನಲ್ಲದವನಿಗೆ ಕೊಟ್ಟಿದ್ದಾರೆ. ಹುದ್ದೆ ಖಾಲಿಯಿದೆಯೆಂದು ಜಾಹೀರಾತು ಕೊಟ್ಟು ಅರ್ಜಿ ಕರೆಯುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆಯೋಗ ಬೇಕು. ಅದರಲ್ಲಿ ನ್ಯಾಯಾಧೀಶರ ಕೈ ಮೇಲಾಗಿರಬೇಕು. ಇಬ್ಬರಿಗೆ ತಡೆಯುವ ಅಧಿಕಾರ ಸಲ್ಲದು. ತಡೆದವರು ಕಾರಣವನ್ನು ಬರೆದಿಡಬೇಕು.

ನಮ್ಮ ಗಡಿಯ ಜನಕ್ಕೆ ಇದು ದೂರದ ತರ್ಕವಲ್ಲ. ನಿಪ್ಪಾಣಿಯ ಭವಿಷ್ಯವನ್ನು ಒಬ್ಬ ನ್ಯಾಯಾಧೀಶರ ಕೈಗಿತ್ತ ಅನುಭವ ನಮಗಿದೆ. ೧೯೬೬ರಲ್ಲಿ ಕೇಂದ್ರ ಸರಕಾರವು ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರಚಂದ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. ೧೯೬೭ರ ವರದಿಯಲ್ಲಿ ಅವರು ಬೆಳಗಾವಿಯನ್ನು ಇದ್ದಲ್ಲಿಯೇ ಇರಿಸಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ, ಜತ್ತ, ಅಕ್ಕಲಕೋಟೆಗಳ ಕಡೆಯ ಊರುಗಳನ್ನು ಇತ್ತಲೂ ಸೂಚಿಸಿದರು. ಆಯೋಗವನ್ನು ಬಯಸಿದ ಮಹಾರಾಷ್ಟ್ರವೇ ವರದಿಯನ್ನು ಒಪ್ಪಲಿಲ್ಲ. ಅದು ಆಚರಣೆಗೆ ಬರಲೇ ಇಲ್ಲ. ೨೦೦೪ರಲ್ಲಿ ಆ ರಾಜ್ಯ ಸುಪ್ರೀಮ್ ಕೋರ್ಟಿಗೆ ದಾವೆ ತಂದಿತು. ಈ ದಾವೆಯ ಪೀಠಕ್ಕೆ ಬಂದಾಗ ಈ ಎರಡು ರಾಜ್ಯಗಳ ನ್ಯಾಯಾಧೀಶರು ತಾವಾಗಿ ಹಿಂದೆ ಸರಿದದ್ದುಂಟು. ಯಾರೂ ಸರಿಯೆಂದು ಹೇಳಿರಲಿಲ್ಲ. 'ಇವನು ಅವರವನು' ಎಂಬ ಮಾತು ಬರಬಾರದೆಂಬ ಸೂಕ್ಷ್ಮತೆ ಅದು. ರಾಜಿನಾಮೆ ಬರೆದುಕೊಡದ ಪಕ್ಷಗಳ ನಡುವೆ ನ್ಯಾಯ ಹೇಳುವುದು ಎಷ್ಟು ಕಠಿಣ!

ಆದರೆ ಜನಸಾಮಾನ್ಯರಿಗೆ ಸುಪ್ರೀಮ್ ಕೋರ್ಟು ಎಷ್ಟು ದೂರ! ಕಾಗವಾಡದ ರೈತನಿಗೆ ನ್ಯಾಯಾಧೀಶರೆಂದರೆ ಕಿರಿಯ ಶ್ರೇಣಿಯ ಸಿವ್ಹಿಲ್ ನ್ಯಾಯಾಧೀಶರೇ. ಇವರ ಆಯ್ಕೆಯ ಬಗ್ಗೆ ವೃತ್ತಪತ್ರಗಳಲ್ಲಿ ಅಗ್ರಲೇಖನ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ೨೦೦೪ರ ನಿಯಮಗಳಂತೆ ಹಾಯ್‌ಕೋರ್ಟೇ ಪರೀಕ್ಷೆ ನಡೆಸಿ ಇವರನ್ನು ಆರಿಸುತ್ತದೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ. ಮುಖ್ಯ ಪರೀಕ್ಷೆಯಲ್ಲಿ ಕಾಯಿದೆಯ ಪತ್ರಿಕೆಗಳೊಡನೆ ಭಾಷಾಂತರದ ಪತ್ರಿಕೆಯೂ ಒಂದಿದೆ. ಸಾಕ್ಷಿಯ ಹೇಳಿಕೆ, ತೀರ್ಪು, ದಸ್ತಾವೇಜುಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ನಾನು ಈ ಲೇಖನಕ್ಕೆ ಕೈಹಾಕಿದ ಕಾರಣ ಇದೇ. ಎಲ್‌ಎಲ್.ಬಿ. ಮುಗಿಸಿದ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಗಾಗಿ ಭಾನುವಾರ ನನ್ನ ಮನೆಗೆ ಬರುತ್ತಾರೆ.

ಅವರಿಗೆ ಅಭ್ಯಾಸಕ್ಕೆಂದು ನಮ್ಮ ಕಡೆಯ ಸಾಕ್ಷಿ ಆಡುವಂಥ ಮಾತನ್ನೇ ಬರೆದುಕೊಡುವುದು ನನ್ನ ರೂಢಿ. ಒಮ್ಮೆ ಕೊಟ್ಟುದು ಇದು: "ವಾಟಣಿ ಆಗೇತ್ರಿ, ಖರೆ ಉತಾರ ಬ್ಯಾರೆ ಆಗಿಲ್ರಿ. ಬಾಂದ ನಮ್ಮಪ್ಪ ಇದ್ದಾಗನ ಹಾಕಿದ್ದು." ಅಥಣಿ ಕಡೆಯ ಹುಡುಗಿಯೊಬ್ಬಳು ಥಟ್ಟನೆ ಬರೆದಳು. ಬೆಂಗಳೂರಿನಲ್ಲಿ ಓದಿ ಬಂದ ಹುಡುಗನು ಲೇಖಣಿ ಹಿಡಿದು ಕುಳಿತೇ ಇದ್ದ.

"ಸರ್, 'ಖರೆ' ಅಂದರೆ ನಿಜ ಎಂದಲ್ಲವೆ? ಪಾಲು ಆಗಿದೆ, ನಿಜವಾಗಿಯೂ ದಾಖಲೆ ಬೇರೆಯಾಗಿಲ್ಲ ಎಂದು ಬರೆಯಲೆ?"

ಹುಡುಗಿ ನಕ್ಕಳು. "ಅಲ್ಲೋ ಅಣ್ಣಾ, ಇಲ್ಲಿ 'ಖರೆ' ಅಂದ್ರ 'ಆದರ' ಅಂತ. ಹೊಲಾ ಹಂಚಕೊಂಡಾರ, ಆದರ ಕಾಗದದಾಗ ಇನ್ನೂ ಒಂದ ಐತಿ ಅಂತ ಹೇಳತಾನ ಅಂವ."

ಒಂದೇ ಶಬ್ದ. ಆದರೆ ನಮ್ಮ ಕಡೆಯ ದಿವಾಣಿ ದಾವೆಗಳಲ್ಲಿ ಎಷ್ಟೋ ಇಂಥವೇ: ಅಣ್ಣತಮ್ಮಂದಿರು ಬಾಯಿಮಾತಿನಿಂದ ಹಂಚಿಕೊಂಡು, ಬಾಂದು ಹಾಕಿ, ಮೂವತ್ತು ವರ್ಷ ಬೇರೆ ಬೇರೆ ಉತ್ತಿದ್ದಾರೆ, ಪಹಣಿಯಲ್ಲಿ ಮಾತ್ರ ಹಿರಿಯನ ಹೆಸರೊಂದೇ. ಕಬ್ಬಿಗೆ ನೀರು ಬಂದು ಬೆಲೆ ಏರಿದಾಗ ಒಬ್ಬನ ಮಗನು ಕಾಗದವನ್ನು ಹಿಡಿದು ಕೋರ್ಟಿಗೆ ಹೋಗುತ್ತಾನೆ. ಆಗ ಪೀಠದಲ್ಲಿ ಕುಳಿತವರಿಗೆ ಈ ವಾಕ್ಯದ ಮೊದಲರ್ಧ ಕೇಳಿಸುವುದೋ, ಉತ್ತರಾರ್ಧ ಕೇಳಿಸುವುದೋ ಎಂಬುದರ ಮೇಲೆ ಒಂದು ಮನೆತನದ ನಾಲ್ಕೆಕರೆ ನಿಂತಿದೆ. ಸಾಕ್ಷಿ ಆಡುವುದು ಮರಾಠಿ ಬೆರೆತ ಕನ್ನಡ. ನ್ಯಾಯಾಧೀಶರು ಮಂಡ್ಯದವರಾಗಿರಬಹುದು, ಮಂಗಳೂರಿನವರಾಗಿರಬಹುದು. ಒಳ್ಳೆಯವರೇ, ಶ್ರಮಜೀವಿಗಳೇ. ಆದರೆ ಭಾಷಾಂತರದ ಪತ್ರಿಕೆಗೆ ಓದಿಕೊಳ್ಳುವ ಕನ್ನಡ ಗ್ರಂಥದ ಕನ್ನಡ. ಅದರಲ್ಲಿ ಉತಾರವೂ ಇಲ್ಲ, ವಾಟಣಿಯೂ ಇಲ್ಲ. ಪತ್ರಿಕೆಯಲ್ಲಿ ನಾಲ್ಕು ಸೀಮೆಗಳ ನಾಲ್ಕು ಆಡುಮಾತಿನ ಹೇಳಿಕೆಗಳನ್ನು ಕೊಟ್ಟರೆ ಕೆಡುವುದೇನು?

ಇದಕ್ಕೆ ಇನ್ನೊಂದು ಮದ್ದೂ ಇದೆ; ಅದರ ಮೇಲೆ ಹಗ್ಗಜಗ್ಗಾಟ ನಡೆದಿದೆ. ವಕೀಲಿ ಮಾಡಿದವರನ್ನೇ ನ್ಯಾಯಾಧೀಶರನ್ನಾಗಿ ಆರಿಸಬೇಕೋ, ಕಾಲೇಜಿನಿಂದ ನೇರವಾಗಿ ಬಂದವರೂ ಸಲ್ಲುವರೋ? ಮೂರು ವರ್ಷದ ವಕೀಲಿ ಬೇಕೆಂದು ೧೯೯೩ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಕರ್ನಾಟಕದ ಕೆ. ಜಗನ್ನಾಥ ಶೆಟ್ಟಿಯವರ ಆಯೋಗವು, ಹೀಗೆ ಮಾಡಿದರೆ ಚುರುಕು ಬುದ್ಧಿಯವರು ಇತ್ತ ಬರುವುದಿಲ್ಲವೆಂದಿತು; ೨೦೦೨ರಲ್ಲಿ ಕೋರ್ಟು ಅದನ್ನು ಒಪ್ಪಿತು. ೨೦೨೫ರ ಮೇ ೨೦ರಂದು ಮತ್ತೆ ಮೂರು ವರ್ಷ ಬೇಕೆಂದು ತೀರ್ಪಾಯಿತು. ಎರಡೂ ಕಡೆ ನ್ಯಾಯವಿದೆ. ತಂದೆ ಕೂಲಿ ಮಾಡಿ ಓದಿಸಿದ ಹುಡುಗಿಗೆ ಮೂರು ವರ್ಷ ಸಂಬಳವಿಲ್ಲದೆ ಹಿರಿಯ ವಕೀಲರ ಚೀಲ ಹೊರುವುದು ಹಗುರವಲ್ಲ. ಈ ನಿಯಮದಿಂದ ಉಳ್ಳವರ ಮಕ್ಕಳೇ ಪೀಠಕ್ಕೆ ಬಂದಾರೆಂಬ ಅಂಜಿಕೆ ನನಗೂ ಇದೆ. ಆದರೂ ಕೋರ್ಟಿನ ಕಟ್ಟೆಯ ಮೇಲೆ ಕಕ್ಷಿಗಾರನ ಪಕ್ಕದಲ್ಲಿ ಕುಳಿತು ಅವನ ಮಾತು ಕೇಳದವರು ಪೀಠದ ಮೇಲಿಂದ ಅದನ್ನು ಕೇಳಲಾರರೆಂದೇ ನನಗೆ ತೋರುತ್ತದೆ. ಸರಕಾರವು ಈ ಮೂರು ವರ್ಷಗಳಿಗೆ ಬಡ ಅಭ್ಯರ್ಥಿಗಳಿಗೆ ಹೊಟ್ಟೆಗೆ ಸಾಲುವಷ್ಟು ವೇತನವನ್ನು ಗೊತ್ತುಮಾಡಬೇಕು. ಸಭ್ಯರನ್ನು ದಾನ-ಮಾನಗಳಿಂದ ಇಟ್ಟುಕೊಳ್ಳಬೇಕೆಂದು ವಿಜ್ಞಾನೇಶ್ವರನು ಹೇಳಿದ್ದು ಸಭ್ಯರಾದ ಮೇಲಿನ ಮಾತು. ಆಗುವ ಮುನ್ನಿನ ಮಾತನ್ನು ನಾವೇ ಸೇರಿಸಬೇಕಾಗಿದೆ.

ಅಥಣಿಯ ಆ ಹುಡುಗಿ ಈಗ ಅಲ್ಲಿಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿಕೊಂಡಿದ್ದಾಳೆ. ಭಾನುವಾರಗಳಲ್ಲಿ ಬರುವುದು ಕಡಿಮೆಯಾಗಿದೆ. ಕಕ್ಷಿಗಾರರು ಆ ದಿನವೇ ಸಂತೆ ಮುಗಿಸಿ ಕಾಗದ ಹಿಡಿದು ಬರುತ್ತಾರಂತೆ. ಬಂದಾಗ ಚೀಲದಿಂದ ಹಳೆಯ ಉತಾರಗಳ ಪ್ರತಿಗ‍ಳನ್ನು ತೆಗೆದು, ಮೋಡಿ ಬರೆಹದ ಸಾಲುಗಳನ್ನು ತೋರಿಸಿ, ಇದನ್ನು ಓದಲು ಕಲಿಸುವವರು ಚಿಕ್ಕೋಡಿಯಲ್ಲಿ ಯಾರಾದರೂ ಇದ್ದಾರೆಯೆ ಎಂದು ಕೇಳುತ್ತಾಳೆ.